ಅಪ್ಪನ ಕಥೆ ಹೇಳಿ ನಕ್ಕರೆ ಅಪ್ಪನ ಮಾನ ಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಓದುಗರ ಪುಟದಲ್ಲಿ ಕೆಲವು ವಾರಗಳಿಂದ ಜನ ತಮ್ಮ ಮನೆಯ ಹಿರಿಯರ ಬಗ್ಗೆ ಬರೆಯುತ್ತಿದ್ದಾರೆ. ಮಳೆ ಬಂದರೆ ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದ ಅಜ್ಜ, ಗಡಿಯಾರವನ್ನು ಬೇಕಂತಲೇ ಮುಂದಿಟ್ಟು ಮನೆಮಂದಿಯನ್ನೆಲ್ಲ ಓಡಾಡಿಸುತ್ತಿದ್ದ ಅತ್ತೆ. ಓದಿ ತುಂಬಾ ನಕ್ಕೆ. ಮನೆಯವರಿಗೂ ಓದಿ ಹೇಳಿದೆ. ಕಳೆದ ವಾರ ಒಬ್ಬ ಹಿರಿಯರು ನಿಮಗೆ ಪತ್ರ ಬರೆದಿದ್ದಾರೆ. ಹೆತ್ತವರ ಹುಚ್ಚಾಟಗಳನ್ನು ಪೇಪರಿನಲ್ಲಿ ಹಾಕಿ ನಗುವುದು ಅವರಿಗೆ ಮಾಡುವ ಅವಮಾನ, ಇದನ್ನು ನಿಲ್ಲಿಸಿ ಎಂದಿದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಮಾತನ್ನು ಮಾತ್ರ ಒಪ್ಪಲು ಆಗುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳಬೇಕು. ಪತ್ರ ಉದ್ದವಾದರೂ ದಯವಿಟ್ಟು ಪೂರ್ತಿ ಓದಿ.

ನಾನು ಬೆಳೆದದ್ದು ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರದಲ್ಲಿ. ಕೊಪ್ಪಳ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ, ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲೆಯಾದದ್ದು 1997ರಲ್ಲಿ. ಭಾಗ್ಯನಗರ ಅಂದರೆ ಹೊರಗಿನವರಿಗೆ ಮಗ್ಗ ನೆನಪಾಗುತ್ತದೆ. ನಮ್ಮ ಕಡೆಯವರಿಗೆ ಇನ್ನೊಂದೂ ನೆನಪಾಗುತ್ತದೆ, ಕೂದಲು. ನಮ್ಮದು ಕೂದಲಿನ ಮನೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ತಲೆ ಬಾಚುವಾಗ ಉದುರಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಯಲ್ಲೋ ಜಂತಿಯ ನಡುವೆಯೋ ಸಿಕ್ಕಿಸಿ ಇಡುತ್ತಾರೆ. ಕೂದಲು ಕೊಳ್ಳುವವರು ಓಣಿಗೆ ಬಂದಾಗ ಅದನ್ನು ಕೊಟ್ಟು ಪಿನ್ನು, ಬಾಚಣಿಗೆ, ಸ್ಟೀಲ್ ಡಬ್ಬಿ ತೆಗೆದುಕೊಳ್ಳುತ್ತಾರೆ. ಆ ಉಂಡೆಗಳೆಲ್ಲ ಗೋಣಿಚೀಲ ತುಂಬಿಕೊಂಡು ನಮ್ಮಂಥವರ ಮನೆಗೆ ಬರುತ್ತಿದ್ದವು. ಹರಕೆ ತೀರಿಸಲು ಮುಡಿ ಕೊಟ್ಟ ಉದ್ದ ಕೂದಲೂ ಬರುತ್ತಿತ್ತು. ಅದರ ಬೆಲೆಯೇ ಬೇರೆ. ಉಂಡೆ ಕೂದಲನ್ನು ಮೊದಲು ಸಿಕ್ಕು ಬಿಡಿಸಬೇಕು. ತೊಳೆದು ಒಣಗಿಸಬೇಕು. ಮೊಳೆ ನಿಲ್ಲಿಸಿದ ಹಲಗೆಯ ಮೇಲೆ ಎಳೆದು ಬಾಚಬೇಕು. ಇಂಚಿನ ಲೆಕ್ಕದಲ್ಲಿ ವಿಂಗಡಿಸಿ ಕಟ್ಟು ಕಟ್ಟಬೇಕು. ಇದಕ್ಕೆಲ್ಲ ತಾಳ್ಮೆ ಬೇಕು, ಕಣ್ಣು ಬೇಕು. ನಮ್ಮ ಓಣಿಯ ಎಷ್ಟೋ ಹೆಣ್ಣುಮಕ್ಕಳು ಈ ಕೆಲಸದಿಂದಲೇ ಮಕ್ಕಳನ್ನು ಓದಿಸಿದ್ದಾರೆ.

ಅಪ್ಪನಿಗೆ ಕೂದಲಿನ ಮೇಲೆ ಭಕ್ತಿಯೇ ಇತ್ತು. ಒಂದು ಎಳೆಯನ್ನು ಎರಡು ಬೆರಳ ನಡುವೆ ಇಟ್ಟು ಮೆಲ್ಲಗೆ ಉಜ್ಜಿ, ಬುಡ ಯಾವ ಕಡೆ, ತುದಿ ಯಾವ ಕಡೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಇದು ಮಂತ್ರವೇನಲ್ಲ. ಕೂದಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ. ಅವೆಲ್ಲ ತುದಿಯ ಕಡೆ ಮುಖ ಮಾಡಿ ಮಲಗಿರುತ್ತವೆ. ಹಾಗಾಗಿ ಉಜ್ಜಿದರೆ ಎಳೆ ತಾನಾಗಿಯೇ ಬುಡದ ಕಡೆಗೆ ಜರುಗುತ್ತದೆ. ಬುಡ ತುದಿ ನೋಡದೆ ಕಟ್ಟಿದ ಕೂದಲು ಒಂದಕ್ಕೊಂದು ತೊಡರಿಕೊಂಡು ಬೇಗ ಗಂಟಾಗುತ್ತದೆ, ಅಂಥದ್ದಕ್ಕೆ ಬೆಲೆ ಇಲ್ಲ. ಕ್ಯಾನ್ಸರ್ ಔಷಧಿಯಿಂದ ಕೂದಲು ಉದುರಿದವರಿಗೂ ನಮ್ಮ ಕೂದಲಿನಿಂದ ವಿಗ್ಗು ಮಾಡುತ್ತಾರೆ ಅಂತ ಯಾರೋ ವ್ಯಾಪಾರಿ ಹೇಳಿದ ಮೇಲಂತೂ ಅಪ್ಪ ಕೂದಲ ಕಟ್ಟನ್ನು ನೆಲಕ್ಕೆ ಇಡಲು ಬಿಡುತ್ತಿರಲಿಲ್ಲ. “ಇದು ಯಾರದೋ ತಲಿ ಮ್ಯಾಲಿನ ಮಾನ. ಕಾಲಿಗಿ ತಾಗಬಾರದು” ಅನ್ನುತ್ತಿದ್ದ.

ಇಲ್ಲಿಯವರೆಗೆ ಎಲ್ಲ ಸರಿ. ತೊಂದರೆ ಏನೆಂದರೆ, ಅಪ್ಪ ಮನೆಯ ಹೊರಗೂ ಕೂದಲನ್ನೇ ನೋಡುತ್ತಿದ್ದ. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಣ್ಣುಮಗಳ ಜಡೆ ನೋಡಿ ಗಟ್ಟಿಯಾಗಿ “ಇಪ್ಪತ್ತೆರಡು ಇಂಚು” ಅನ್ನುವುದು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಳ್ಳುವುದು. ಮದುವೆ ಮನೆಯಲ್ಲಿ ಅಕ್ಷತೆ ಹಾಕಿ ಬಂದವನು ಮದುಮಗಳ ಮುಖ ಹೇಗಿತ್ತು ಅಂತ ಕೇಳಿದರೆ ಹೇಳಲಾರ, ಜಡೆಯಲ್ಲಿ ಸ್ವಂತದ್ದೆಷ್ಟು, ಚೌರಿ ಎಷ್ಟು ಅಂತ ಹೇಳುತ್ತಿದ್ದ. ಒಮ್ಮೆ ನಮ್ಮ ಮೇಷ್ಟ್ರ ಹೆಂಡತಿ ದಾರಿಯಲ್ಲಿ ಸಿಕ್ಕರು. ಅವರ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಅಪ್ಪ ಕೈಮುಗಿದು, ಬಹಳ ಗೌರವದಿಂದ, “ತಾಯಿ, ಯಾವಾಗರ ತಿರುಪತಿಗಿ ಹೋಗೂದಿದ್ರ ಮೊದಲು ನಮ್ಮನಿಗಿ ಬಂದು ಹೋಗ್ರಿ” ಅಂದ. ಆ ತಾಯಿ ಗಾಬರಿಯಾಗಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದರು. ಆ ದಾರಿಯಲ್ಲಿ ಅಪ್ಪನ ಪಕ್ಕ ನಿಂತಿದ್ದವಳು ನಾನು. ಆಗ ಐದನೇ ಕ್ಲಾಸು.

ಎರಡನೆಯ ಹುಚ್ಚು ದೊಡ್ಡಾಟ. ಬಳ್ಳಾರಿ, ಕೊಪ್ಪಳದ ಕಡೆಯವರಿಗೆ ದೊಡ್ಡಾಟ ಏನೆಂದು ಹೇಳಬೇಕಾಗಿಲ್ಲ. ಬಯಲಲ್ಲಿ ಅಟ್ಟ ಕಟ್ಟಿ, ಮರದ ಭುಜಕೀರ್ತಿ, ಕಿರೀಟ ಏರಿಸಿಕೊಂಡು ಬೆಳಗಿನವರೆಗೆ ಕುಣಿಯುವ ಆಟ. ಇದರಲ್ಲಿ ಒಂದು ಪದ್ಧತಿ ಇದೆ. ವೇಷ ಅಟ್ಟಕ್ಕೆ ಬಂದ ಕೂಡಲೇ ಆಟ ನಡೆಸುವ ಸಾರಥಿ ಎದುರು ನಿಂತು ತಾವು ಧಾರು, ಯಾವ ಪಟ್ಟಣ, ಏನು ಕಾರಣ ಬಂದಿರಿ ಅಂತ ಕೇಳಬೇಕು. ಆಗಲೇ ರಾಜ ತನ್ನ ಹೆಸರು, ಊರು, ಪರಾಕ್ರಮ ಎಲ್ಲ ಹೇಳಿಕೊಳ್ಳುವುದು. ಅಪ್ಪ ದುರ್ಯೋಧನನ ಪಾತ್ರ ಮಾಡುತ್ತಿದ್ದ. ಆಟದ ತಾಲೀಮು ಶುರುವಾಯಿತೆಂದರೆ ಆಟ ಮುಗಿಯುವವರೆಗೂ ಮನೆಯಲ್ಲಿಯೂ ಅವನು ದುರ್ಯೋಧನನೇ. ಬಾಗಿಲ ಬಳಿ ನಿಂತು ಕೆಮ್ಮುತ್ತಿದ್ದ. ನಾವು ಯಾರಾದರೂ ಹೋಗಿ “ಬಂದಂಥವರು ತಾವು ಧಾರು?” ಅಂತ ಕೇಳದಿದ್ದರೆ ಒಳಗೆ ಬರುತ್ತಿರಲಿಲ್ಲ. ಹಾಲು ಕಾಯಿಸುತ್ತಿದ್ದ ಅವ್ವ ಅಲ್ಲಿಂದಲೇ ಕೂಗಿ ಕೇಳುತ್ತಿದ್ದಳು. ಅಪ್ಪ ಹಸ್ತಿನಾವತಿಯಿಂದ ಶುರು ಮಾಡುತ್ತಿದ್ದ. ಹಾಲು ಉಕ್ಕುತ್ತಿತ್ತು.

ಇಂಥ ಮನೆಯ ಹುಡುಗಿ ಶಾಲೆಗೆ ಹೋದರೆ ಏನಾಗುತ್ತದೆ? ಮೈಮೇಲೆ, ಪಾಟಿಚೀಲದಲ್ಲಿ, ಊಟದ ಡಬ್ಬಿಯಲ್ಲಿ ಕೂದಲು ಇದ್ದೇ ಇರುತ್ತಿತ್ತು. ಒಂದು ದಿನ ಟೀಚರು ನನ್ನ ಲೆಕ್ಕದ ನೋಟುಬುಕ್ಕು ತಿದ್ದುವಾಗ ಹಾಳೆಗಳ ನಡುವೆ ಒಂದು ಎಳೆ ಕಂಡಿತು. ಎಳೆದರು. ಬಂತು. ಇನ್ನೂ ಎಳೆದರು. ಇನ್ನೂ ಬಂತು. ಅವರು ಕುರ್ಚಿಯಿಂದ ಎದ್ದು ನಿಂತು ಕೈ ಮೇಲೆತ್ತಿದರೂ ಇನ್ನೊಂದು ತುದಿ ಪುಸ್ತಕದಲ್ಲೇ ಇತ್ತು. ಇಡೀ ಕ್ಲಾಸು ನೋಡುತ್ತಿತ್ತು. ಟೀಚರು ಹೆದರಿ ಪುಸ್ತಕ ಕೈಬಿಟ್ಟರು. ಮರುದಿನ ಅಪ್ಪನನ್ನು ಕರೆಸಿದರು.

ನಮ್ಮ ಊರಲ್ಲಿ ದೊಡ್ಡಾಟಕ್ಕೆ ಇನ್ನು ಕೆಲವೇ ದಿನ ಬಾಕಿ ಇದ್ದವು. ಅಪ್ಪ ಬಂದು ಕ್ಲಾಸಿನ ಬಾಗಿಲಲ್ಲಿ ನಿಂತ. ಎದೆ ಮುಂದೆ ಮಾಡಿ, ಕೈ ಸೊಂಟಕ್ಕೆ ಕೊಟ್ಟು. ಹೆಡ್‌ಮಾಸ್ತರು “ಬರ್ರಿ, ಒಳಗ ಬರ್ರಿ” ಅಂದರು. ಅಪ್ಪ ಬರಲಿಲ್ಲ. ಕೆಮ್ಮಿದ. ಮತ್ತೆ ಕರೆದರು. ಮತ್ತೆ ಕೆಮ್ಮಿದ. ನನಗೆ ಅಷ್ಟರಲ್ಲಿ ಏನು ನಡೆಯುತ್ತಿದೆ ಅಂತ ತಿಳಿದಿತ್ತು. ಭೂಮಿ ಬಾಯಿ ಬಿಟ್ಟು ನನ್ನನ್ನು ಒಳಗೆ ಕರೆದುಕೊಳ್ಳಲಿ ಅಂತ ಬೇಡಿಕೊಂಡೆ. ಹೆಡ್‌ಮಾಸ್ತರು ಸ್ವಲ್ಪ ಹೊತ್ತು ಅಪ್ಪನನ್ನೇ ನೋಡಿದರು. ಅವರೂ ಈ ನೆಲದವರೇ, ರಾತ್ರಿಯಿಡೀ ಕೂತು ಆಟ ನೋಡುವವರು. ಕೈಯಲ್ಲಿದ್ದ ಬೆತ್ತವನ್ನು ನೆಲಕ್ಕೆ ಒಮ್ಮೆ ಕುಟ್ಟಿ, ರಾಗ ತೆಗೆದು, “ಬಂದಂಥವರೂ... ತಾವೂ... ಧಾರೂ?” ಅಂದರು.

ಮುಂದೇನಾಯಿತು ಅಂತ ಹೇಳಬೇಕಾಗಿಲ್ಲ. ಅಪ್ಪ ತನ್ನ ಪಟ್ಟಣ, ತನ್ನ ತೊಂಬತ್ತೊಂಬತ್ತು ತಮ್ಮಂದಿರು, ಕೊನೆಗೆ ತನ್ನ ಮಗಳು ಎಲ್ಲ ಹೇಳಿ ಒಳಗೆ ಬಂದ. ಮಕ್ಕಳು ಬೆಂಚು ಬಡಿದು ನಕ್ಕರು. ಕೂದಲಿನ ವಿಷಯ ಎಲ್ಲರಿಗೂ ಮರೆತುಹೋಯಿತು. ನನಗೆ ಮಾತ್ರ ಸಾಯುವಷ್ಟು ನಾಚಿಕೆ. ಅಳುತ್ತಾ ಮನೆಗೆ ಬಂದೆ.

ಸಂಪಾದಕರೇ, ನಾನು ಹೇಳಬೇಕೆಂದಿರುವುದು ಆ ಸಂಜೆಯ ವಿಷಯ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಓಣಿಯ ಹೆಣ್ಣುಮಕ್ಕಳು ನಮ್ಮ ಪಡಸಾಲೆಗೆ ಬಂದು ಕೂದಲ ಸಿಕ್ಕು ಬಿಡಿಸುತ್ತಾ ಕೂರುತ್ತಿದ್ದರು. ಅವ್ವ ಒಂದು ರೂಢಿ ಇಟ್ಟಿದ್ದಳು. ಎಲ್ಲರ ಕೈಗೂ ಉಂಡೆ ಹಂಚಿದ ಮೇಲೆ ಕೇಳುತ್ತಿದ್ದಳು: “ಇವತ್ತು ಯಾರದು ಮಾನ ಹೋತು? ಹೇಳ್ರಿ.” ಒಬ್ಬೊಬ್ಬರೇ ಹೇಳಬೇಕು. ಸಂತೆಯಲ್ಲಿ ಯಾರದೋ ಗಂಡನನ್ನು ತನ್ನ ಗಂಡ ಅಂದುಕೊಂಡು ಕೈಯಲ್ಲಿ ಚೀಲ ಕೊಟ್ಟು ಮುಂದೆ ನಡೆದವಳು ಒಬ್ಬಳು. ಆ ಮನುಷ್ಯ ಪಾಪ ಅರ್ಧ ಸಂತೆ ಚೀಲ ಹೊತ್ತು ಹಿಂದೆ ಬಂದನಂತೆ. ಗುಡಿಯಲ್ಲಿ ಬೇರೆಯವರ ಚಪ್ಪಲಿ ಹಾಕಿಕೊಂಡು ಬಂದು, ಅವರೇ ಎದುರಿಗೆ ಬರಿಗಾಲಲ್ಲಿ ಬಂದಾಗ ಮಾತಾಡಿಸಿ ಕಳಿಸಿದವಳು ಇನ್ನೊಬ್ಬಳು. ಕೈ ಕೆಲಸದಲ್ಲಿ ಇರುವುದರಿಂದ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮುಖ ನೋಡದಿದ್ದರೆ ಹೇಳುವುದು ಸುಲಭ. ಇದನ್ನು ಅವ್ವ ಎಲ್ಲಿ ಕಲಿತಳೋ ಗೊತ್ತಿಲ್ಲ. ಅವಳು ಶಾಲೆಗೆ ಹೋದವಳಲ್ಲ.

ಆ ಸಂಜೆ ನನ್ನ ಸರದಿ. ನಾನು ಹೇಳುವುದಿಲ್ಲ ಅಂದೆ. ಅವ್ವ ಒತ್ತಾಯ ಮಾಡಲಿಲ್ಲ. “ನೀ ಹೇಳದಿದ್ರ ನಾಳೆ ಊರು ಹೇಳ್ತೈತಿ. ಊರು ಹೇಳಿದ್ರ ಅದು ಊರಿಂದು ಆಗ್ತೈತಿ. ನೀ ಹೇಳಿದ್ರ ನಿಂದು” ಅಂದಳು ಅಷ್ಟೇ. ನಾನು ಅಳುತ್ತಾ ಶುರು ಮಾಡಿದೆ. ಟೀಚರು ಎದ್ದು ನಿಂತು ಕೈ ಎತ್ತಿದ್ದನ್ನು ಹೇಳುವಾಗ ನಾನೂ ಎದ್ದು ನಿಂತು ಕೈ ಎತ್ತಿದ್ದೆ. ಅಪ್ಪ ಕೆಮ್ಮಿದ್ದಕ್ಕೆ ಬರುವಷ್ಟರಲ್ಲಿ ನಾನೇ ಕೆಮ್ಮಿ ತೋರಿಸುತ್ತಿದ್ದೆ. ಹೆಣ್ಣುಮಕ್ಕಳು ಕಣ್ಣೀರು ಬರುವ ಹಾಗೆ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮೂಲೆಯಲ್ಲಿ ಕೂತಿದ್ದ ಅಪ್ಪನೂ ನಗುತ್ತಿದ್ದ. ಮರುದಿನ ಶಾಲೆಯಲ್ಲಿ ಹುಡುಗಿಯರು ಕಾಡಿಸಲು ಬಂದಾಗ ಆ ಕಥೆ ಅವರಿಗಿಂತ ಚೆನ್ನಾಗಿ ನನಗೇ ಬರುತ್ತಿತ್ತು. ಕಾಡಿಸಲು ಬಂದವರು ಕೇಳಲು ಕೂತರು.

ಅವ್ವನ ಪಡಸಾಲೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ತನ್ನದನ್ನು ಮಾತ್ರ ಹೇಳಬೇಕು. ಇನ್ನೊಬ್ಬರ ಮಾನ ಹೋದದ್ದನ್ನು ಹೇಳುವ ಹಾಗಿಲ್ಲ. ಯಾರಾದರೂ “ಆಚಿ ಮನಿ ಸೊಸಿ ಏನ್ ಮಾಡ್ಯಾಳ ಗೊತ್ತೇನು” ಅಂತ ಶುರು ಮಾಡಿದರೆ ಅವ್ವ “ಆಕೀನ ಬಂದು ಹೇಳ್ಲಿ” ಅಂತ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಬಡತನ, ಕುಂಟು, ಕುರುಡು, ಬಂಜೆತನ ಇವು ನಗುವ ವಿಷಯವೇ ಅಲ್ಲ. ಅಪ್ಪನ ಕಥೆ ಹೇಳುವುದಾದರೆ ಅಪ್ಪ ಅಲ್ಲಿ ಕೂತಿರಬೇಕು, ಇಲ್ಲವೇ ಆ ಕಥೆಯಲ್ಲಿ ಹೇಳುವವರೂ ಇರಬೇಕು.

ಅಪ್ಪನೂ ತನ್ನದನ್ನು ಹೇಳುತ್ತಿದ್ದ. ಅವನ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಗಡ್ಡದ್ದು. ದೊಡ್ಡಾಟಕ್ಕೆ ಬೇಕಾದ ಮೀಸೆ, ಗಡ್ಡ ಎಲ್ಲ ಅಪ್ಪನೇ ಮನೆಯ ಒಳ್ಳೆಯ ಕೂದಲಿನಿಂದ ಕಟ್ಟಿಕೊಡುತ್ತಿದ್ದ. ಸುತ್ತಲಿನ ಹಳ್ಳಿಗಳ ರಾವಣ, ಭೀಮ, ಕೀಚಕರಿಗೆಲ್ಲ ನಮ್ಮ ಮನೆಯದೇ ಗಡ್ಡ. ಒಂದು ಸಲ ಬೇಸಿಗೆಯಲ್ಲಿ ಆಟ. ನಮ್ಮ ಕಡೆ ಬೇಸಿಗೆ ಅಂದರೆ ರಾತ್ರಿಯೂ ಬೆವರು ನಿಲ್ಲುವುದಿಲ್ಲ. ಮೈದಾ ಅಂಟಿನಿಂದ ಮೆತ್ತಿದ ಗಡ್ಡ ಬೆವರಿಗೆ ಸಡಿಲವಾಗಿ ಒಂದು ಕಡೆಯಿಂದ ಇಳಿಯತೊಡಗಿತು. ದುರ್ಯೋಧನ ಒಂದು ಕೈಯಲ್ಲಿ ಗದೆ, ಇನ್ನೊಂದು ಕೈಯಲ್ಲಿ ಗಡ್ಡ ಹಿಡಿದು ಕುಣಿಯುತ್ತಿದ್ದಾನೆ. ಗದೆ ತಿರುಗಿಸುವ ಭರದಲ್ಲಿ ಕೈ ಬಿಟ್ಟ. ಗಡ್ಡ ಹಾರಿಹೋಗಿ ಮದ್ದಳೆಯ ಮೇಲೆ ಬಿತ್ತು. ಜನ ಉಸಿರು ಹಿಡಿದು ಕೂತರು. ಸಾರಥಿ ಗಡ್ಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ತಲೆಬಾಗಿ, “ಮಹಾಪ್ರಭು, ತಮ್ಮ ಗಡ್ಡ ತಮಗಿಂತ ಮೊದಲೇ ರಣರಂಗಕ್ಕೆ ಹೊರಟಿದೆ. ತಾವು ಯಾವಾಗ ಬರುವಿರಿ ಎಂದು ಕೇಳುತ್ತಿದೆ” ಅಂದ. ಬಯಲಲ್ಲಿ ಮಲಗಿದ್ದ ಮಕ್ಕಳೂ ಎದ್ದು ಕೂರುವಷ್ಟು ನಗು. ಅಪ್ಪ ಗಡ್ಡ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಮುಂದಿನ ಪದ ಎತ್ತಿದ. ಆ ವರ್ಷದಿಂದ ಸುತ್ತಲಿನ ಊರುಗಳಲ್ಲಿ ಅಪ್ಪನ ಆಟಕ್ಕೆ ಜನ ಜಾಸ್ತಿ ಬರತೊಡಗಿದರು.

ಹಿರಿಯರು ತಮ್ಮ ಪತ್ರದಲ್ಲಿ ಹೆತ್ತವರನ್ನು ನಗೆಪಾಟಲು ಮಾಡುವುದು ನಮ್ಮ ಸಂಸ್ಕೃತಿಯಲ್ಲ ಎಂದಿದ್ದಾರೆ. ನಮ್ಮ ನೆಲದ ಆಟಗಳನ್ನು ನೋಡಿದರೆ ನನಗೆ ಹಾಗೆ ಕಾಣುವುದಿಲ್ಲ. ದೊಡ್ಡಾಟದ ಸಾರಥಿ ರಾಜನ ಎದುರಿಗೇ ನಿಂತು ನಗಿಸುತ್ತಾನೆ, ರಾಜ ಅವನನ್ನು ಓಡಿಸುವುದಿಲ್ಲ. ತೊಗಲುಗೊಂಬೆ ಆಟದಲ್ಲಿ ರಾಮಾಯಣ ನಡೆಯುತ್ತಿರುವಾಗಲೇ ಕಿಳ್ಳೇಕ್ಯಾತ, ಬಂಗಾರಕ್ಕ ನುಗ್ಗಿ ಬಂದು ಜಗಳವಾಡಿ, ಜನರನ್ನು ನಗಿಸಿ ಹೋಗುತ್ತಾರೆ. ರಾಮನ ಮರ್ಯಾದೆ ಅದರಿಂದ ಕಡಿಮೆಯಾಗಿಲ್ಲ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ಇಂಥ ಗೊಂಬೆಗಳನ್ನೇ ಆಡಿಸುತ್ತಾ ಬಾಳಿದವರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಕೊಪ್ಪಳದಲ್ಲಿ ಎಷ್ಟು ಸಂತೋಷ ಇತ್ತು! ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಳ್ಳುವವರೆಗೂ ತೊಗಲುಗೊಂಬೆಯನ್ನು ಕೈಬಿಡಲಿಲ್ಲ. ಇನ್ನು ಬೀಚಿಯವರು. ಆಗಿನ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿ, ತಮ್ಮ ಬದುಕನ್ನೇ ನಗುತ್ತಾ ಬರೆದುಕೊಂಡರು. ಅವರ ಮಾತುಗಳನ್ನು ಗಂಗಾವತಿಯ ಪ್ರಾಣೇಶ್ ಅವರು ಇವತ್ತಿಗೂ ವೇದಿಕೆಯಿಂದ ವೇದಿಕೆಗೆ ಹೇಳುತ್ತಾ ಹೋಗುತ್ತಾರೆ, ಜನ ಅಪ್ಪ ಅಮ್ಮನನ್ನು ಕರೆದುಕೊಂಡೇ ಹೋಗಿ ಕೇಳುತ್ತಾರೆ. ಇದೆಲ್ಲ ಎಲ್ಲಿಂದಲೋ ಬಂದದ್ದಲ್ಲ. ಬಿಸಿಲು, ಬರ, ಗುಳೆ ಇವುಗಳ ನಡುವೆ ಬದುಕಿದ ಜನ ತಮ್ಮ ಮನೆಯಲ್ಲೇ ಕಂಡುಕೊಂಡದ್ದು.

ನನ್ನ ಮದುವೆಯೂ ಇಂಥದ್ದೇ ನಗುವಿನಿಂದ ಆಯಿತು. ಅದನ್ನೂ ಹೇಳಿಬಿಡುತ್ತೇನೆ. ಗವಿಮಠದ ಜಾತ್ರೆ ಮುಗಿದ ಮೇಲೆ ಸಿಂಧನೂರಿನ ಕಡೆಯಿಂದ ನನ್ನನ್ನು ನೋಡಲು ಬಂದರು. ಹುಡುಗ, ಅವರ ಸೋದರಮಾವ, ಅಪ್ಪ ಅವ್ವ, ಅವರ ಅಜ್ಜಿ. ಅವ್ವ ಹಿಂದಿನ ದಿನವೇ ಕೂದಲಿನ ಚೀಲಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದ್ದಳು. ಮನೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದೇ ಒರೆಸಿದ್ದು. ಅಪ್ಪನಿಗೆ ಮೂರು ಮಾತಿಗಿಂತ ಜಾಸ್ತಿ ಆಡಬಾರದು ಅಂತ ಆಣೆ ಹಾಕಿಸಿದ್ದಳು. ಶಿರಾ, ಉಪ್ಪಿಟ್ಟು ಕೊಟ್ಟೆವು. ಸೋದರಮಾವ ಶಿರಾದ ಎರಡನೇ ಚಮಚ ಬಾಯಿಗಿಟ್ಟವರು ಸುಮ್ನೆ ನಿಂತುಬಿಟ್ಟರು. ಎರಡು ಬೆರಳು ಬಾಯೊಳಗೆ ಹಾಕಿ ಎಳೆದರು. ಉದ್ದ ಕೂದಲು.

ಯಾರೂ ಮಾತಾಡಲಿಲ್ಲ. ಅವ್ವನ ಮುಖ ಬಿಳುಪಾಯಿತು. ನಾನು ತಲೆ ತಗ್ಗಿಸಿ ಕೂತಿದ್ದೆ. ಅಪ್ಪ ಎದ್ದ. ಅವರ ಕೈಯಿಂದ ಆ ಎಳೆಯನ್ನು ತೆಗೆದುಕೊಂಡು, ಪಂಚೆಯ ತುದಿಯಿಂದ ಒರೆಸಿ, ಬಾಗಿಲಿನ ಬೆಳಕಿಗೆ ಹಿಡಿದು ನೋಡಿದ. ಬೆರಳ ನಡುವೆ ಇಟ್ಟು ಉಜ್ಜಿದ. ಆಮೇಲೆ ತುಂಬಾ ಸಮಾಧಾನದ ದನಿಯಲ್ಲಿ, “ಇದು ನಮ್ಮ ಹುಡುಗಿದಲ್ರಿ. ನಮ್ಮನಿ ಯಾರದೂ ಅಲ್ಲ. ಹದಿನೆಂಟು ಇಂಚು, ಮುಡಿ ಕೊಟ್ಟ ಕೂದ್ಲ, ಫಸ್ಟ್ ಕ್ವಾಲಿಟಿ. ಸ್ವಚ್ಛ ಮಾಲು, ಚಿಂತಿ ಮಾಡಬ್ಯಾಡ್ರಿ” ಅಂದ.

ಮೊದಲು ನಕ್ಕವರು ಅಜ್ಜಿ. ಹಲ್ಲಿಲ್ಲದ ಬಾಯಿ ತೆರೆದು, ತೊಡೆ ತಟ್ಟಿಕೊಂಡು ನಕ್ಕರು. ಅವರ ಹಿಂದೆ ಹುಡುಗ. ಆಮೇಲೆ ಎಲ್ಲರೂ. ಸೋದರಮಾವನಿಗೆ ಬೇರೆ ತಟ್ಟೆ ಕೊಟ್ಟೆವು, ಪೂರ್ತಿ ತಿಂದರು. ಹೋಗುವಾಗ ಅಜ್ಜಿ ನನ್ನ ಗಲ್ಲ ಹಿಡಿದು, “ಈ ಮನ್ಯಾಗ ಸುಳ್ಳು ಹೇಳಾಕ ಯಾರಿಗೂ ಬರಂಗಿಲ್ಲ. ಈ ಹುಡುಗೀನ ಆಗ್ಲಿ” ಅಂದರು. ನನ್ನ ಯಜಮಾನರು ಇವತ್ತಿಗೂ ಶಿರಾ ಬಂದರೆ ಮೊದಲು ಬೆಳಕಿಗೆ ಹಿಡಿದು ನೋಡುತ್ತಾರೆ. ಮಕ್ಕಳು ಕಾರಣ ಕೇಳಿ ಕೇಳಿ ಕಲಿತುಬಿಟ್ಟಿದ್ದಾರೆ.

ಅಪ್ಪ ತೀರಿಕೊಂಡಾಗ ಸುತ್ತಲಿನ ಹಳ್ಳಿಗಳಿಂದ ಆಟದವರು ಬಂದಿದ್ದರು. ಅಂಗಳದಲ್ಲಿ ಕೂತು ಗಡ್ಡದ ಕಥೆ ಶುರು ಮಾಡಿದರು. ನನ್ನ ತಮ್ಮನಿಗೆ ಅದು ಸರಿ ಅನ್ನಿಸಲಿಲ್ಲ, ಸಾವಿನ ಮನೆಯಲ್ಲಿ ಇದೇನು ಅಂತ ಎದ್ದ. ಒಬ್ಬರು ಗಡ್ಡವನ್ನು ಬೆಲ್ಲದ ಪಾಕದಿಂದ ಅಂಟಿಸಿದ್ದ ಅಂದರು. ಒಳಗಿನಿಂದ ಅವ್ವ, ಅಳುತ್ತಲೇ, “ಪಾಕ ಅಲ್ಲ, ಮೈದಾ ಅಂಟು. ಸರಿಯಾಗಿ ಹೇಳ್ರಿ” ಅಂದಳು. ತಮ್ಮ ಮತ್ತೆ ಕೂತ. ಆ ರಾತ್ರಿ ಅಪ್ಪನ ಬಗ್ಗೆ ಕೇಳಿದಷ್ಟು ನಾನು ಅವನು ಬದುಕಿದ್ದಾಗಲೂ ಕೇಳಿರಲಿಲ್ಲ. ಗೌರವದ ಭಾಷಣ ಯಾರೂ ಮಾಡಲಿಲ್ಲ. ಅವನು ಯಾವ ಹಳ್ಳಿಯ ಬಡ ವೇಷಧಾರಿಗೆ ದುಡ್ಡು ತೆಗೆದುಕೊಳ್ಳದೆ ಮೀಸೆ ಕಟ್ಟಿಕೊಟ್ಟಿದ್ದ ಅನ್ನುವುದೆಲ್ಲ ಈ ನಗೆಯ ಕಥೆಗಳ ನಡುವೆಯೇ ಹೊರಗೆ ಬಂತು.

ನಾನು ಈಗ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮಕ್ಕಳು ತಮ್ಮ ಮನೆಯನ್ನು ಮುಚ್ಚಿಡುವುದನ್ನು ದಿನಾ ನೋಡುತ್ತೇನೆ. ಅಪ್ಪ ಅಮ್ಮ ಗುಳೆ ಹೋಗಿದ್ದರೆ ಊರಿಗೆ ಹೋಗಿದ್ದಾರೆ ಅನ್ನುತ್ತಾರೆ. ಡಬ್ಬಿಯಲ್ಲಿ ಸಜ್ಜೆ ರೊಟ್ಟಿ ಇದ್ದರೆ ಮುಚ್ಚಳ ಅರ್ಧ ತೆಗೆದು ತಿನ್ನುತ್ತಾರೆ. ಅಜ್ಜಿ ಶಾಲೆಗೆ ಬಂದರೆ ಗೇಟಿನಲ್ಲೇ ನಿಲ್ಲಿಸಿ ಬರುತ್ತಾರೆ. ಹಾಗಾಗಿ ಶನಿವಾರ ಕೊನೆಯ ಪಿರಿಯಡ್ಡಿನಲ್ಲಿ ನಾನು ಅವ್ವನ ರೂಢಿಯನ್ನು ತಂದಿದ್ದೇನೆ. ಎಲ್ಲರ ಕೈಗೂ ಏನಾದರೂ ಕೆಲಸ ಕೊಡುತ್ತೇನೆ, ಕಾಗದ ಮಡಚುವುದೋ, ಹುಣಸೆಬೀಜ ಎಣಿಸುವುದೋ. ಮೊದಲು ನನ್ನ ಕಥೆ. ಆಮೇಲೆ ಇಷ್ಟ ಇದ್ದವರು ತಮ್ಮದನ್ನು ಹೇಳುತ್ತಾರೆ. ಇಲ್ಲಿಯೂ ಅದೇ ಕಟ್ಟುನಿಟ್ಟು, ತಮ್ಮದು ಮಾತ್ರ.

ಒಬ್ಬ ಹುಡುಗಿ ಬಹಳ ದಿನ ಸುಮ್ನೆ ಕೂತಿದ್ದಳು. ಒಂದು ಶನಿವಾರ ತಾನಾಗಿಯೇ ಎದ್ದಳು. ಅವಳು ಹುಟ್ಟಿದ ವಾರವೇ ಮನೆಯ ಎಮ್ಮೆ ಕರು ಹಾಕಿತಂತೆ. ಅವರಪ್ಪನಿಗೆ ಎರಡೂ ಸಂತೋಷ ಒಟ್ಟಿಗೇ ಆಗಿ ಮಗಳಿಗೂ ಕರುವಿಗೂ ಒಂದೇ ಹೆಸರು ಇಟ್ಟರಂತೆ. ಹೊಲದಲ್ಲಿ ಅವರು ಹೆಸರು ಹಿಡಿದು ಕೂಗಿದರೆ ಒಂದು ಕಡೆಯಿಂದ ಇವಳು ಓಡುತ್ತಾಳೆ, ಇನ್ನೊಂದು ಕಡೆಯಿಂದ ಎಮ್ಮೆ ಓಡುತ್ತದೆ. ಒಮ್ಮೆ ಊರವರ ಮುಂದೆ ಅವಳಪ್ಪ, ಅವಳು ದಿನಕ್ಕೆ ಆರು ಲೀಟರ್ ಹಾಲು ಕೊಡುತ್ತಾಳೆ ಅಂತ ಹೆಮ್ಮೆಯಿಂದ ಹೇಳಿದಾಗ ಅಲ್ಲಿದ್ದ ಹೊಸಬರು ಈ ಹುಡುಗಿಯನ್ನು ಅನುಮಾನದಿಂದ ನೋಡಿದರಂತೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಪಾಲಕರ ಸಭೆಗೆ ಅವಳಪ್ಪ ಬಂದಾಗ ಮಕ್ಕಳೆಲ್ಲ ಸುತ್ತುವರಿದು ಎಮ್ಮೆ ಹೇಗಿದೆ ಅಂತ ಕೇಳಿದರು. ಅವರು ಸಭೆ ಮರೆತು ಎಮ್ಮೆಯ ಸುದ್ದಿ ಹೇಳುತ್ತಾ ನಿಂತರು. ಮಗಳು ಅಪ್ಪನ ಕೈ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅದಕ್ಕೂ ಮೊದಲು ಅವಳು ಅವರನ್ನು ಶಾಲೆಗೆ ಕರೆದೇ ಇರಲಿಲ್ಲ.

ಹಿರಿಯರ ಪತ್ರದಲ್ಲಿ ಒಂದು ಮಾತು ಮಾತ್ರ ನನಗೆ ಪೂರ್ತಿ ಒಪ್ಪಿಗೆ. ಈಗ ಮೊಬೈಲಿನಲ್ಲಿ ವಯಸ್ಸಾದವರು ತೊದಲುವುದು, ಬೀಳುವುದು, ಮದುವೆಯಲ್ಲಿ ಕುಣಿಯುವುದನ್ನೆಲ್ಲ ಅವರಿಗೆ ತಿಳಿಯದ ಹಾಗೆ ತೆಗೆದು ವಾಟ್ಸ್‌ಆ್ಯಪಿನಲ್ಲಿ ಹಂಚುತ್ತಾರೆ. ನೋಡಿ ನಗುವವರಿಗೆ ಆ ಅಜ್ಜಿ ಯಾರು ಅಂತಲೂ ಗೊತ್ತಿರುವುದಿಲ್ಲ. ಅಜ್ಜಿಗೆ ತನ್ನ ಮುಖ ಎಲ್ಲೆಲ್ಲಿ ಹೋಗಿದೆ ಅಂತ ಗೊತ್ತಿರುವುದಿಲ್ಲ. ಅದು ಕ್ರೂರ. ಅದನ್ನು ಯಾರು ಮಾಡಿದರೂ ತಪ್ಪು, ಮೊಮ್ಮಕ್ಕಳು ಮಾಡಿದರೆ ಇನ್ನೂ ತಪ್ಪು. ಆದರೆ ನಿಮ್ಮ ಪುಟದಲ್ಲಿ ಬಂದ ಬರಹಗಳು ಹಾಗಿರಲಿಲ್ಲ. ಚಪ್ಪಲಿಯ ಅಜ್ಜನ ಬಗ್ಗೆ ಬರೆದ ಮೊಮ್ಮಗ ಆ ಮಳೆಯಲ್ಲಿ ಅಜ್ಜನ ಜೊತೆ ಬರಿಗಾಲಲ್ಲೇ ನಡೆದಿದ್ದ. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಆದ್ದರಿಂದ ಈ ಪುಟವನ್ನು ದಯವಿಟ್ಟು ನಿಲ್ಲಿಸಬೇಡಿ. ನಿಲ್ಲಿಸುವ ಬದಲು ಕೆಲವು ಕಟ್ಟುಪಾಡು ಹಾಕಿ. ಬರೆಯುವವರು ತಮ್ಮ ಮನೆಯದನ್ನು ಮಾತ್ರ ಬರೆಯಲಿ, ಕಥೆಯಲ್ಲಿ ತಾವೂ ಇರಲಿ. ಹಿರಿಯರು ಬದುಕಿದ್ದರೆ ಮೊದಲು ಅವರಿಗೆ ಓದಿ ಹೇಳಲಿ, ಅವರು ಬೇಡ ಅಂದರೆ ಬೇಡ. ಫೋಟೊ ಹಾಕುವುದಾದರೆ ಕೇಳಿಯೇ ಹಾಕಿ. ಇನ್ನೊಂದು ವಿನಂತಿ. ರಾಯಚೂರು, ಕೊಪ್ಪಳ, ಬಳ್ಳಾರಿಯಿಂದ ಬರುವ ಬರಹಗಳಲ್ಲಿ ನಮ್ಮ ಮಾತನ್ನು ತಿದ್ದಿ ಪಠ್ಯಪುಸ್ತಕದ ಕನ್ನಡ ಮಾಡಬೇಡಿ. ನಮ್ಮ ಅವ್ವ “ಸರಿಯಾಗಿ ಹೇಳ್ರಿ” ಅಂದದ್ದು ಹಾಗೇ ಬರಬೇಕು. ತಿದ್ದಿದರೆ ಅವಳು ನಮ್ಮ ಅವ್ವನೇ ಅಲ್ಲ.

ಬರೆಯಲು ಬಾರದವರ ಹತ್ತಿರವೇ ಇಂಥ ಕಥೆಗಳು ಜಾಸ್ತಿ ಇರುತ್ತವೆ, ಅಲ್ವಾ? ನಮ್ಮ ಓಣಿಯಲ್ಲಿ ಈಗಲೂ ಸಂಜೆ ಸಿಕ್ಕು ಬಿಡಿಸುತ್ತಾ ಕೂರುವ ಹೆಣ್ಣುಮಕ್ಕಳಿದ್ದಾರೆ. ಸಂತೆಯಲ್ಲಿ ಬೇರೆಯವರ ಗಂಡನಿಗೆ ಚೀಲ ಕೊಟ್ಟವಳು ಈಗ ಅಜ್ಜಿಯಾಗಿದ್ದಾಳೆ, ಅವಳ ಕಥೆಯನ್ನು ಇಲ್ಲಿ ಬರೆಯಲು ಅವಳನ್ನು ಕೇಳಿಯೇ ಬರೆದಿದ್ದೇನೆ. ಉಳಿದವರದನ್ನೂ ಅವರವರ ಒಪ್ಪಿಗೆ ಕೇಳಿ, ಅವರು ಹೇಳಿದ ಹಾಗೆಯೇ ಬರೆದು ಕಳಿಸಲು ನಾನು ಸಿದ್ಧಳಿದ್ದೇನೆ. ಪುಟದಲ್ಲಿ ಎಷ್ಟು ಜಾಗ ಸಿಗುತ್ತದೆ, ಯಾವ ವಾರಕ್ಕೆ ಕಳಿಸಬೇಕು ಅಂತ ತಿಳಿಸಿದರೆ ಶುರು ಮಾಡುತ್ತೇನೆ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ಒಬ್ಬ ಶಾಲಾ ಶಿಕ್ಷಕಿ
ಭಾಗ್ಯನಗರ, ಕೊಪ್ಪಳ